ಅವ್ವ ಬಿಟ್ಟುಕೊಟ್ಟ ಪಾಲು

ಆಗೆಲ್ಲ ನಾಗರ ಪಂಚಮಿ ಬಂತೆಂದರೆ ಶಹಾಬಜಾರದ ಬಾಡಿಗೆ ಕೋಣೆಯಿಂದ ನಮಗೆ ನಾಲ್ಕು ದಿನ ಬಿಡುಗಡೆ. ಅವ್ವ ಶೇಂಗಾ ಹುರಿದರೆ ವಾಸನೆ ಓಣಿಯ ತುದಿಯವರೆಗೂ ಹೋಗುತ್ತಿತ್ತು. ಹಬ್ಬದ ಮುನ್ನಾದಿನ ಟೆಂಪೊ ಹತ್ತಿ, ಮಹಾಗಾಂವ ದಾಟಿ ಕಮಲಾಪುರದಲ್ಲಿ ಇಳಿದರೆ ಸೋದರಮಾವನ ಮನೆ. ಬೇವಿನ ಮರಕ್ಕೆ ಜೋಕಾಲಿ, ಬುಟ್ಟಿಯಲ್ಲಿ ಕೆಂಪು ಬಾಳೆಹಣ್ಣು, ಬಿಸಿ ಬಿಸಿ ಜೋಳದ ಅಳ್ಳು. ಅವ್ವ ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದಳು.

ನಾನು ಐದನೇ ತರಗತಿಯಲ್ಲಿದ್ದ ವರ್ಷ ಶಹಾಬಜಾರದಾಚೆ ಊರಂಚಿನ ಎರಡು ಕೋಣೆಯ ಮನೆಯೊಂದು ಮಾರಾಟಕ್ಕೆ ಬಂತು. ಅಪ್ಪ ಬಟ್ಟೆ ಹೊಲಿಯುತ್ತಿದ್ದ. ಅವ್ವ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಮ್ಮಂಥ ಕಡಿಮೆ ಆದಾಯದವರು ಮೊದಲ ಸಲ ಮನೆ ಕೊಳ್ಳುವುದಾದರೆ ಕಡಿಮೆ ಬಡ್ಡಿಗೆ ಸಾಲವಿದೆ, ಮನೆ ಹೆಂಗಸಿನ ಹೆಸರಿನಲ್ಲಿರಬೇಕು ಎಂದು ಯಾರೋ ಹೇಳಿದ್ದರು. ಅವ್ವ ನನ್ನನ್ನು ಕರೆದುಕೊಂಡು ಬ್ಯಾಂಕಿಗೆ ಹೋದಳು. ಆಸ್ತಿ ಇದ್ದವರನ್ನು ಬ್ಯಾಂಕಿನವರು ಬೇಗ ನಂಬುತ್ತಾರೆಂದು ತಿಳಿದು, ಕಮಲಾಪುರದ ಮನೆಯ ಹಕ್ಕಿನ ಕಾಗದ, ಉತಾರವನ್ನೂ ಹೆಮ್ಮೆಯಿಂದ ಮುಂದಿಟ್ಟಳು. ಅವಳ ಅಪ್ಪ, ನನ್ನ ಮುತ್ಯಾ, ಸಾಯುವ ಮೊದಲು ಮಗನ ಹೆಸರಿನ ಜೊತೆ ಮಗಳ ಹೆಸರನ್ನೂ ಅದರಲ್ಲಿ ಸೇರಿಸಿದ್ದ.

ಸಾಹೇಬರು ಓದಿ ತಲೆ ಎತ್ತಿದರು. “ನಿಮ್ಮ ಹೆಸರಿಲೆ ಒಂದು ಮನಿ ಅದಲ್ರೀ ಅಮ್ಮಾ. ಇದು ಮೊದಲನೇ ಮನಿ ಹ್ಯಾಂಗ ಆಗ್ತದ?”

“ಅದು ನನ್ನ ಮನಿ ಅಲ್ರೀ ಸಾಹೇಬ್ರ. ತವರಮನಿ.”

“ಕಾಗದಕ್ಕ ಅದೆಲ್ಲ ತಿಳಿಯಂಗಿಲ್ರೀ. ನಿಮ್ಮ ಪಾಲು ಅಣ್ಣಗ ಬಿಟ್ಟುಕೊಟ್ಟು ಬರ್ರಿ. ಆಮ್ಯಾಲ ನೋಡೋಣು.”

ಆ ಸಲ ಪಂಚಮಿಗೆ ಕಮಲಾಪುರಕ್ಕೆ ಹೋದ ಸಂಜೆಯೇ ಅವ್ವ ಮಾತು ತೆಗೆದಳು. ಮಾವನ ಕೈಯಲ್ಲಿದ್ದ ಶೇಂಗಾ ಉಂಡಿ ಕೈಯಲ್ಲೇ ಉಳಿಯಿತು.

“ನಾ ಎಂದಾದ್ರೂ ಕೇಳೀನೇನು ನಿನ್ನ ಪಾಲು?”

“ಇಲ್ಲಣ್ಣ. ನಾನೇ ಬಿಡ್ತೀನಿ ಅನ್ನಾಕತ್ತೀನಿ.”

“ಹಬ್ಬಕ್ಕ ಬಂದ ತಂಗೀ ಕೈಲೆ ಸಹಿ ಹಾಕಿಸ್ಕೊಂಡ ಅಂತಾರ ಊರ ಮಂದಿ. ನಾ ಮಾರಿ ಎತ್ತಿ ತಿರಗಬೇಕೋ ಬ್ಯಾಡೋ?”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮಾವನ ಹೆಂಡತಿ, ನಮ್ಮ ಅತ್ತಿ, ತಿರುಗದೆಯೇ ಅಂದಳು: “ಮಂದಿ ತಂಗ್ಯಾರ ಕಾಲು ಹಿಡಿದು ಸಹಿ ಬೇಡ್ತಾರ. ನಮ್ಮ ಮನಿ ಗಣಮಗ ನೋಡ್ರಿ, ತಂಗಿ ತಾನೇ ಕೊಟ್ರೂ ಒಲ್ಲೆ ಅಂತದ!”

ನಾನೊಬ್ಬಳೇ ನಕ್ಕೆ. ಮಾವ ಊಟ ಮಾಡದೆ ಎದ್ದು ಹೋದ.

ಹುತ್ತಕ್ಕೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ ಬಿಡುವುದು ನಮ್ಮ ರೂಢಿ. ಅವ್ವನ ಪಾಲು, ಅಪ್ಪನ ಪಾಲು, ಹೀಗೆ. ಮರುದಿನ ಮಾವ ಎಲ್ಲರದ್ದೂ ಮುಗಿಸಿ, ನೆರೆಹೊರೆಯವರು ತಿರುಗಿ ನೋಡುವಷ್ಟು ಜೋರಾಗಿ “ನನ್ನ ತಂಗೀ ಪಾಲು” ಎಂದು ಬಟ್ಟಲಲ್ಲಿ ಉಳಿದ ಹಾಲನ್ನೆಲ್ಲ ಸುರಿದುಬಿಟ್ಟ. ಆಮೇಲೆ ಅವ್ವನ ಮುಖ ನೋಡದೆ ಕೇಳಿದ: “ಸೋಮವಾರ ಬರ್ತೀನಿ. ಸಹಿ ಎಲ್ಲಿ ಮಾಡಬೇಕು?”

ಸಾಲ ಸಿಕ್ಕಿತು, ಮನೆಯೂ ಆಯಿತು. ಮೊದಮೊದಲು ಅವ್ವ ಕಸ ಗುಡಿಸುತ್ತಾ ನಿಂತು ಗೋಡೆಯನ್ನು ಕೈಯಿಂದ ಸವರುತ್ತಿದ್ದಳು. ನಾನೂ ತಮ್ಮನೂ ಅವಳನ್ನು ಅಣಕಿಸಿ ನಗುತ್ತಿದ್ದೆವು.

ಮುಂದಿನ ಪಂಚಮಿಗೆ ಕಮಲಾಪುರಕ್ಕೆ ಹೋದಾಗ ನಾನು ಜೋಕಾಲಿಯತ್ತ ಓಡಿದೆ. ತಿರುಗಿ ನೋಡಿದರೆ ಅವ್ವ ಹೊಸ್ತಿಲಿನ ಹೊರಗೇ ನಿಂತಿದ್ದಳು.

“ಯಾಕವ್ವಾ, ಬೀಗರಂಗ ನಿಂತೀ? ಒಳಗ ಬಾ,” ಅಂದಳು ಅತ್ತಿ.

“ಕಾಲು ಮಣ್ಣಾಗ್ಯಾವ ವೈನಿ.”

ಅವಳ ಕಾಲಿಗೆ ಮಣ್ಣಿರಲಿಲ್ಲ. ಆ ಸಲ ಅವಳು ಒಂದು ಪಾತ್ರೆಯ ಮುಚ್ಚಳವನ್ನೂ ತೆಗೆಯಲಿಲ್ಲ. ಬಡಿಸಿದ್ದನ್ನು ಉಂಡಳು. ಯಾಕೆಂದು ಕೇಳುವ ವಯಸ್ಸು ನನಗಿರಲಿಲ್ಲ. ವಯಸ್ಸು ಬಂದ ಮೇಲೆ ನೆನಪಾಗಲಿಲ್ಲ.

ಮಾವ ಹೋಗಿ ಬಹಳ ವರ್ಷವಾಯಿತು. ಕಮಲಾಪುರದಿಂದ ಹಬ್ಬಕ್ಕೆ ಕರೆಯುವವರು ಈಗ ಯಾರೂ ಇಲ್ಲ. ಈ ಬೇಸಿಗೆಯಲ್ಲಿ ಅವ್ವನೂ ತೀರಿಕೊಂಡಳು. ಸಾಲ ತೀರಿದ ಅವಳ ಮನೆಯ ಕಾಗದಕ್ಕೆ ತಮ್ಮ ತನ್ನ ಹೆಸರಿನ ಜೊತೆ ನನ್ನದನ್ನೂ ಹಚ್ಚಿಸಿದ್ದಾನೆ. “ಇರ್ಲಿ ಬಿಡಕ್ಕ, ಅವ್ವನ ಮನಿ,” ಅಂದ.

ನಾನಿನ್ನೂ ಬಾಡಿಗೆ ಮನೆಯಲ್ಲಿದ್ದೇನೆ. ಬ್ಯಾಂಕಿನಿಂದ ಮೊದಲ ಮನೆಯ ಸಾಲದ ಅರ್ಜಿ ತಂದು ತಿಂಗಳಾಯಿತು. ಹೆಸರು, ವಯಸ್ಸು, ಕೆಲಸ ಎಲ್ಲ ತುಂಬಿದ್ದೇನೆ. ನಿಮಗೆ ಬೇರೆ ಮನೆ ಇದೆಯೇ ಎಂದು ಕೇಳಿದಲ್ಲಿ ಮಾತ್ರ ಇನ್ನೂ ಏನೂ ಬರೆದಿಲ್ಲ.