ಬಸಲಿಂಗವ್ವನ ಅಳತೆಯ ಉಕ್ಕು

ಅಣವೀರಪ್ಪ ಉಕ್ಕಿನ ಗುಂಡನ್ನು ಪಾಲಿಶ್ ಚಕ್ರದಿಂದ ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಕಡೆ ಹಿಡಿಯುತ್ತಾರೆ. ಧಾರಾವಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉಕ್ಕಿನ ಮೈಯಲ್ಲಿ ಕಿಟಕಿ ಬಿಲ್ಲಿನಂತೆ ಬಾಗಿದೆ, ಹಿಡಿದವರ ಮುಖ ಬರೀ ಮೂಗಾಗಿ ಹಿಗ್ಗಿದೆ. ಅವರು ಹುಡುಕುತ್ತಿರುವುದು ಗೀರನ್ನು. ಹೆಬ್ಬೆರಳ ಉಗುರನ್ನು ಗುಂಡಿನ ಸುತ್ತ ಮೆಲ್ಲಗೆ ಎಳೆಯುತ್ತಾರೆ, ಒಂದೆಡೆ ಉಗುರು ತಡೆಯುತ್ತದೆ, ಮತ್ತೆ ಚಕ್ರಕ್ಕೆ ಒಡ್ಡುತ್ತಾರೆ.

"ಗೀರು ಉಳದ್ರ ಒಳಗ ತಿಕ್ಕತದ್ರಿ," ಎನ್ನುತ್ತಾರೆ ಅಣವೀರಪ್ಪ. "ಹೊರಗಿನ ಗೀರು ಎಲ್ಲಾರಿಗೂ ಕಾಣಸ್ತದ. ಒಳಗಿಂದು ನೋವು ತಿನ್ನಾವರಿಗಷ್ಟ ಗೊತ್ತ."

ಈ ಗುಂಡು ಇಂದು ಬೆಳಿಗ್ಗೆ ದಾದರಿನ ಆಚೆಯ ಒಂದು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಬಸಲಿಂಗವ್ವ ಎಂಬ ಹೆಂಗಸು ಮಲಗಿದ್ದಾರೆ. ಸಂಧಿವಾತ ಅವರ ಬಲ ಸೊಂಟದ ಕೀಲನ್ನು ತಿಂದು ಹಾಕಿದೆ. ಗುಂಡಿಗೆ ಅಂಟಿದ ಚಪ್ಪಟೆ ಕಾಂಡ ತೊಡೆಯ ಮೂಳೆಯೊಳಗೆ ಇಳಿಯುತ್ತದೆ, ಗುಂಡು ಸೊಂಟದ ಬಟ್ಟಲಿನಲ್ಲಿ ತಿರುಗುತ್ತದೆ. ಪರದೇಶದ ಕೀಲು ಆಮದು ಲೈಸೆನ್ಸಿಲ್ಲದೆ ಬರುವುದಿಲ್ಲ. ಬಂದರೂ ಅದು ದೊಡ್ಡ ಮೈಯವರ ಅಳತೆಯದು, ಬಸಲಿಂಗವ್ವ ಹಿಡಿಯಷ್ಟು ಹೆಂಗಸು. ಅದಕ್ಕಾಗಿಯೇ ಅವರನ್ನು ನೋಡುವ ಡಾಕ್ಟರ್ ಪಾಠಕ್ ಈ ತಗಡಿನ ಮಾಡಿನ ಕಾರ್ಖಾನೆಯನ್ನು ಹುಡುಕಿಕೊಂಡು ಬಂದದ್ದು.

ಅಣವೀರಪ್ಪ ಇಂಡಿ ತಾಲೂಕಿನ ಕಡೆಯವರು. ಮೀಸೆ ಮೂಡುವ ಮುಂಚೆ ಇಲ್ಲಿಗೆ ಬಂದು ಸ್ಟೀಲ್ ಪಾತ್ರೆಗಳ ಪಾಲಿಶ್ ಕಲಿತರು. ಆಸ್ಪತ್ರೆಗಳ ಕೆಲಸ ಬರತೊಡಗಿದ ಮೇಲೆ ಕಾರ್ಖಾನೆಯ ಮಾಲೀಕ ಸೇಠ್ ಇವರನ್ನು ಈ ಚಕ್ರಕ್ಕೆ ನಿಲ್ಲಿಸಿದರು. ಉಕ್ಕಿನ ದೂಳು ಕುಡಿದ ಗಂಟಲು ಮಾತಿನ ನಡುವೆ ಕೆಮ್ಮುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಹೋಗುವುದು ನಿಂತಿದೆ. ಮಲಗುವುದು ಕಾರ್ಖಾನೆಯ ಅಟ್ಟದ ಮೇಲೆ, ಊಟ ಖಾನಾವಳಿಯಲ್ಲಿ.

"ಪಾತ್ರಿ ಮಾಡೂ ಮುಂದ ಛಲೋ ಇತ್ರಿ. ಮಾಟುಂಗದ ಒಂದ ಹೋಟೆಲ್‌ನ್ಯಾಗ ಇನ್ನೂ ನಾ ತಿಕ್ಕಿದ ಲೋಟಾ ಅದಾವ. ಚಹಾ ಕುಡ್ಯಾಕ ಹೋದ್ರ ಗುರ್ತ ಹಿಡೀತೀನಿ. ಇವು ಎಲ್ಲಿ ಅದಾವೋ! ಲೋಕಲ್ ರೈಲಿನ್ಯಾಗ ಬಾಜೂಕ ನಿಂತಾವನ ಸೊಂಟದಾಗ ನಂದ ಗುಂಡ ಇರಬಹುದು. ಹೆಂಗ ಕೇಳೂದ್ರಿ ಅದನ್ನ?" ನಗುತ್ತಾರೆ. ನಗು ಕೆಮ್ಮಿಗೆ ತಿರುಗುತ್ತದೆ.

ಬಸಲಿಂಗವ್ವನಿಗಾಗಿ ಅವರು ಮಾಡಿದ ಮೊದಲ ಗುಂಡು ಬಟ್ಟಲಿನಲ್ಲಿ ಕೂರಲಿಲ್ಲ. ಡಾಕ್ಟರ್ ಕೊಟ್ಟ ಎಕ್ಸ್‌ರೇ ಪ್ಲೇಟಿನ ಮೇಲೆ ಕ್ಯಾಲಿಪರ್ ಇಟ್ಟು ಅಳತೆ ತೆಗೆದಿದ್ದರು. "ಕೂದಲೆಳಿ ಫರಕ್ ಇರಲಿಲ್ರಿ ಪ್ಲೇಟಿಗೂ ಗುಂಡಿಗೂ. ಅದ ತಪ್ಪಾತು." ಪ್ಲೇಟಿನಲ್ಲಿ ಬೀಳುವುದು ಮೂಳೆಯ ನೆರಳು, ನೆರಳು ಮೂಳೆಗಿಂತ ದೊಡ್ಡದು. ಅದನ್ನು ಹೇಳಲು ಡಾಕ್ಟರ್ ಮರೆತಿದ್ದರು, ಕೇಳಬೇಕೆಂದು ಇವರಿಗೆ ಹೊಳೆದಿರಲಿಲ್ಲ. ಆಪರೇಷನ್ ಮೇಜಿನ ಮೇಲೆ ಸವೆದ ಮೂಳೆಯನ್ನು ಕೊಯ್ದು ತೆಗೆದಾಗಿತ್ತು, ಗುಂಡು ಬಟ್ಟಲಿಗಿಂತ ದೊಡ್ಡದಾಗಿತ್ತು. ಗುಂಡು ಕೂರಿಸದೆ ಹಾಗೇ ಹೊಲಿಗೆ ಹಾಕಿದರು. ಅಂದಿನಿಂದ ಆಕೆ ಕೀಲೇ ಇಲ್ಲದ ಕಾಲು ಮೋಟಾಗದಂತೆ ಅದಕ್ಕೆ ತೂಕ ಕಟ್ಟಿಸಿಕೊಂಡು ಮಲಗಿದ್ದಾರೆ. ಇನ್ನೊಮ್ಮೆ ತಪ್ಪಿದರೆ ಮೂರನೆಯ ಸಲ ಕೊಯ್ಯುವುದಿಲ್ಲ ಎಂದಿದ್ದಾರೆ ಡಾಕ್ಟರ್.

ಅದುವರೆಗೆ ಅಣವೀರಪ್ಪ ಯಾವ ರೋಗಿಯ ಮುಖವನ್ನೂ ನೋಡಿದವರಲ್ಲ. ಆ ವಾರ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು.

"ನೀನ ಏನೋ ತಮ್ಮಾ, ನನ್ನ ಗುಂಡ ಮಾಡಿದಾವ?" ಎಂದರಂತೆ ಬಸಲಿಂಗವ್ವ.

"ಹೌದ್ರಿ ಅಕ್ಕಾರ."

"ಬಳಿಗಾರ ಸುದ್ದಾ ಕೈ ಹಿಡದು, ಒಂದೊಂದ ಬಳಿ ಏರಿಸಿ ನೋಡ್ತಾನ. ನೀ ಫೋಟೋ ನೋಡಿ ಬಳಿ ಮಾಡೀಯಲ್ಲೋ, ಶಾಣ್ಯಾ!"

ಪಕ್ಕದ ಮಂಚದವರಿಗೆ ಕನ್ನಡ ಬರದಿದ್ದರೂ ನಕ್ಕರು. ಅಣವೀರಪ್ಪ ನಗಲಿಲ್ಲ. ಧಾರಾವಿಗೆ ಮರಳಿ ಬಂದು ಬಳೆಗಾರನಂತೆ ಕೆಲಸ ಶುರು ಮಾಡಿದರು: ಒಂದಕ್ಕಿಂತ ಒಂದು ತುಸುವೇ ಕಿರಿದಾದ ಗುಂಡುಗಳ ಒಂದು ಸಾಲು. ಒಬ್ಬಳಿಗಾಗಿ ಇಷ್ಟು ಉಕ್ಕೇ ಎಂದು ಸೇಠ್ ಗೊಣಗಿದರು. ಮಿಕ್ಕವು ಬೇರೆ ಹೆಂಗಸರಿಗೆ ಆಗುತ್ತವೆ ಎಂದು ಡಾಕ್ಟರ್ ಒಪ್ಪಿಸಿದರು. ಕೆಲಸ ಮುಗಿದ ಸಂಜೆಗಳಲ್ಲಿ ಅಣವೀರಪ್ಪ ವಾರ್ಡಿಗೆ ಹೋಗುತ್ತಿದ್ದರು. ಎಪ್ಪತ್ತನಾಲ್ಕರ ಈ ಮೇ ತಿಂಗಳ ರೈಲು ಮುಷ್ಕರದಲ್ಲಿ ನಡೆದೇ ಹೋದರು. ಕನ್ನಡ ಕೇಳಿಸುವ ಮಂಚ ಅದೊಂದೇ ಇತ್ತು ಎನ್ನುತ್ತಾರೆ.

ಇಂದು ಮುಗಿದಿರುವುದು ಆ ಸಾಲಿನ ಅತಿ ಚಿಕ್ಕ ಗುಂಡು. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಚೀಲವನ್ನು ಎದೆಗವಚಿಕೊಂಡು ಲೋಕಲ್ ಹತ್ತುತ್ತಾರೆ. ನೂಕುನುಗ್ಗಲಿನಲ್ಲಿ ಯಾರೋ "ಕ್ಯಾ ಹೈ ಅಂದರ್, ಸೋನಾ?" ಎಂದು, ಒಳಗೆ ಚಿನ್ನವಿದೆಯೋ ಎಂಬಂತೆ, ಕೆಣಕುತ್ತಾರೆ. ಚೀಲ ಒಪ್ಪಿಸಿ ಆಸ್ಪತ್ರೆಯ ಜಗಲಿಯಲ್ಲಿ ಕೂರುತ್ತಾರೆ. ಎದುರಿಗೆ ಹೋಗಿಬರುವವರ ಮುಖ ಬಿಟ್ಟು ನಡಿಗೆಯನ್ನೇ ನೋಡುತ್ತಾರೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಾಕ್ಟರ್ ಹೊರಬಂದು ಒಂದು ಅಂಗೈಯ ಬಟ್ಟಲಲ್ಲಿ ಇನ್ನೊಂದು ಕೈಯ ಮುಷ್ಟಿಯಿಟ್ಟು ತಿರುಗಿಸಿ ತೋರಿಸುತ್ತಾರೆ. ಗುಂಡು ಕೂತಿದೆ. ಅಣವೀರಪ್ಪ ನಲ್ಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆಯುತ್ತಾರೆ.

ಕೆಲವು ವಾರ ಕಳೆದಿವೆ, ಮಳೆ ಹಿಡಿದಿದೆ. ಬಸಲಿಂಗವ್ವ ಕೋಲು ಹಿಡಿದು ವಾರ್ಡಿನ ಆ ತುದಿಗೆ ಹೋಗಿ ಬರುತ್ತಾರೆ. ಮನೆಗೆ ಕಳುಹಿಸುವ ದಿನ ಡಾಕ್ಟರ್ ಹೇಳಿದ್ದನ್ನು ಅಣವೀರಪ್ಪನೇ ಕನ್ನಡದಲ್ಲಿ ಹೇಳಬೇಕು: ನಡೆಯಬಹುದು, ಮೆಟ್ಟಿಲು ಹತ್ತಬಹುದು, ನೆಲದ ಮೇಲೆ ಮಾತ್ರ ಇನ್ನು ಕೂರುವಂತಿಲ್ಲ. ಕಾಲು ಮಡಚಿ ಕೂತರೆ ಗುಂಡು ಬಟ್ಟಲಿನಿಂದ ಜಾರುತ್ತದೆ.

ಬಸಲಿಂಗವ್ವ ಕೇಳಿಸಿಕೊಂಡಂತೆ ತಲೆಯಾಡಿಸುತ್ತಾರೆ. ಡಾಕ್ಟರ್ ಮುಂದಿನ ಮಂಚಕ್ಕೆ ಹೋದದ್ದೇ ದನಿ ತಗ್ಗಿಸುತ್ತಾರೆ.

"ತಮ್ಮಾ, ಐತವಾರ ಬೊರಿವಲಿಗೆ ಬಾ. ಸ್ಟೇಷನ್ ಹತ್ರನ ಐತಿ ನಮ್ಮ ಚಾಳ. ಖಾನಾವಳಿ ಕೂಳು ತಿಂದ ತಿಂದ ಮಾರಿ ಒಣಗೇತಿ ನಿಂದು. ಬಿಸಿ ರೊಟ್ಟಿ ಬಡದ ಹಾಕ್ತೀನಿ, ಹೆಂಚಿನ ಮ್ಯಾಲಿಂದ ಸೀದಾ ನಿನ್ನ ತಾಟಿಗೆ."

ಯಾರಾದರೂ ಅಣವೀರಪ್ಪನವರನ್ನು ಊಟಕ್ಕೆ ಕರೆದು ಎಷ್ಟು ಕಾಲವಾಯಿತೋ.

"ಹೆಂಗ ಬಡೀತೀರಿ ಅಕ್ಕಾರ?"

"ಹೆಂಗಂದ್ರ? ಒಲಿ ಮುಂದ ಕುಂತು. ನಿಂತ ಬಡ್ಯಾಕ ಅದೇನ್ ಧೋಬಿ ಅರಿವಿ ಏನೋ?"

"ಒಲ್ಲೆ."

"ಒಂದ ಸರ್ತಿ ಕುಂತ್ರ ಏನಾಗತೈತಿ? ಎರಡ ರೊಟ್ಟಿ. ಡಾಕ್ಟರಿಗೆ ಯಾರ್ ಹೇಳಾವ್ರು?"

"ಒಲ್ಲೆನ್ರಿ ಅಕ್ಕಾರ. ನಾ ಬರೂದಿಲ್ಲ."