ದೊಡ್ಡವ್ವನ ಹೊಲದ ಕರಿ ಚೂರು

ದೊಡ್ಡವ್ವ ಬಲಗೈ ಹೆಬ್ಬೆರಳಿನ ಉಗುರನ್ನು ಎಂದೂ ತೆಗೆಯುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯಲೆಂದೇ ಬೆಳೆಸಿದ ಉಗುರು ಅದು. ನಾಲಿಗೆ ಅದಕ್ಕಿಂತ ಹರಿತ. ನನ್ನವ್ವನ ಅಕ್ಕ. ಶಾಲೆಗೆ ರಜೆ ಬಿಟ್ಟರೆ ನಾನು ಕಕ್ಕೇರಾದಲ್ಲಿ, ಆಕೆಯ ಬೆನ್ನ ಹಿಂದೆ. ಆಕೆಯದು ಕಾಲುವೆ ನೀರು ಬಂದ ಮೇಲೆ ಮೆಣಸಿನಕಾಯಿ ಕಂಡ ಹೊಲ. ಒಳಗೆ ಕಾಲಿಡುವ ಮುಂಚೆ ಎಲ್ಲರ ಚಪ್ಪಲಿ ಬದುವಿನ ಮೇಲೆ ಬಿಡಿಸುತ್ತಿದ್ದಳು.

"ಭೂಮವ್ವನ ಮೈ ಮ್ಯಾಲ ಚಪ್ಪಲಿ ಹಾಕ್ಕೊಂಡು ಅಡ್ಡಾಡ್ತೀರೇನು?"

ಕಳೆ ಬಾರದಂತೆ ಸಾಲಿಗೆ ಹಾಸುವ ಕರಿ ಪ್ಲಾಸ್ಟಿಕ್ ಹಾಳೆ, ಮಲ್ಚಿಂಗ್ ಪೇಪರನ್ನು ಬೆಳೆ ಮುಗಿದ ಮೇಲೆ ಎಳೆದು ಸುತ್ತಿಡುವುದು ರೂಢಿ. ಒಂದು ವರ್ಷ ಸುರಪುರದ ಅಂಗಡಿಯವನು ಹೊಸ ನಮೂನೆಯದು ಮಾರಿದ.

"ಇದರಾಗ ಔಷಧ ಕೂಡ್ಸ್ಯಾರ ಯವ್ವಾ. ಬಿಸಿಲಿಗೆ ತಾನೇ ಪುಡಿಯಾಗಿ ಮಣ್ಣಾಗ್ತದ. ತೆಗಿಯೋದ ಬ್ಯಾಡ."

ಉದುರಿದ ಎಲೆ ಗೊಬ್ಬರವಾಗುವುದನ್ನು ಕಂಡವಳು, ಇದೂ ಹಾಗೇ ಎಂದು ನಂಬಿ ಅದರ ಮೇಲೆಯೇ ರಂಟೆ ಹೊಡೆಸಿ ಮಣ್ಣಿಗೆ ಸೇರಿಸಿದಳು. ಊರಿಗೆಲ್ಲ ಹೇಳಿಕೊಂಡೂ ಬಂದಳು.

ಪುಡಿಯೇನೋ ಆಯಿತು. ಮಣ್ಣಾಗಲಿಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದೆವು. ಭೂಮಿತಾಯಿಗೆಂದು ಕಡಬು, ಭಜ್ಜಿ ಚೆಲ್ಲಿದಲ್ಲೆಲ್ಲ ಕರಿ ಚೂರು.

"ಅವ್ವ ಉಣ್ಣೂ ಗಂಗಾಳದಾಗ ನಾನೇ ಪ್ಲಾಸ್ಟಿಕ್ ಹಾಕಿದ್ನಲ್ಲೋ" ಎಂದು ಎದೆ ಬಡಿದುಕೊಂಡಳು. ಮರುದಿನ ಚೂರುಗಳನ್ನು ಉಡಿ ತುಂಬ ಆರಿಸಿಕೊಂಡು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ಎಲ್ಲವನ್ನೂ ಅಂಗಡಿಯವನ ಮುಂದೆ ಸುರಿದಳು.

"ತಗೋ, ನಿನ್ನ ಗಲ್ಲಾಕ್ಕ ಉಡಿ ತುಂಬಾಕ ಬಂದೀನಿ!"

"ತಡಿ ಯವ್ವಾ, ಇನ್ನೂ ಸಣ್ಣಗಾಗ್ತದ. ಕಣ್ಣಿಗೇ ಕಾಣಂಗಿಲ್ಲ."

"ಕಾಣದಂಗಾದ್ರ ಹ್ವಾದಂಗೇನು? ಇಡೀದು ಇದ್ದಿದ್ರ ಎಳದು ಒಗೀತಿದ್ದೆ. ಈಗ ಹೆಂಗ ಆರಸ್ಲಿ, ಭಾಡ್ಯಾ?"

ಆತ ನಕ್ಕ. ಆ ನಗೆ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಚೂರಾಗಲು ಔಷಧ ಹಾಕಿ, ಕೊಳೆಯುತ್ತದೆ ಎಂದು ಹೇಳಿ ಮಾರಿದರು. ಅವನಿಗೆ ಈ ಮಾತು ಕಲಿಸಿ ಕಳಿಸಿದವರು ಅವನಿಗಿಂತ ದೊಡ್ಡ ಕಳ್ಳರು. ಅವರ ಮನೆಯ ಅನ್ನದಲ್ಲಿ ಯಾರೂ ಚೂರು ಬೆರೆಸಲಿಲ್ಲ.

ಆಮೇಲೆ ದೊಡ್ಡವ್ವನ ಆ ಉಗುರಿಗೆ ಚೂರು ಆರಿಸುವುದೇ ಕೆಲಸವಾಯಿತು. ಕಣ್ಣು ಮಂಜಾದ ಮೇಲೂ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೈಯುತ್ತ ಆರಿಸುತ್ತಿದ್ದಳು.

ತೀರಿಕೊಂಡಾಗ ಅದೇ ಹೊಲದಲ್ಲಿ ಕುಣಿ ತೋಡಿದರು. ಮಣ್ಣು ಕೊಡಲು ನನ್ನ ಸರದಿ ಬಂತು. ಹಿಡಿ ತುಂಬಿದರೆ ಬೆರಳ ಸಂದಿಯಲ್ಲಿ ಕರಿ ಚೂರು.

"ಲಗೂ ಹಾಕು, ಹೊತ್ತಾಗಾಕತ್ತದ" ಎಂದು ಸೋದರಮಾವ ಗದರಿದ.

ನಾನು ಹಾಕಲಿಲ್ಲ. ಕಾಯುವವರು ಕಾಯಲಿ ಎಂದು ಕುಣಿಯ ದಂಡೆಯಲ್ಲೇ ಕುಳಿತು ಒಂದೊಂದೇ ಚೂರು ಆರಿಸಿ ತೆಗೆದೆ. ಆಕೆಗೆ ಒಂದು ಹಿಡಿಯಾದರೂ ಬರೀ ಮಣ್ಣು ಕೊಡಬೇಕಿತ್ತು.