ದೊಡ್ಡಜ್ಜ ಉಗುರು ಚುಚ್ಚಿದ ದಿನ

ಮಕ್ಕಳೇ, ನಿಮ್ಮ ಅಜ್ಜ ಮತ್ತು ಪಕ್ಕದ ಮನೆಯ ದೊಡ್ಡಜ್ಜ ಒಡಹುಟ್ಟಿದವರಾಗಿದ್ದೂ ಯಾಕೆ ಮಾತು ಬಿಟ್ಟಿದ್ದರು ಎಂದು ಹೋದ ರಜೆಯಲ್ಲಿ ನೀವು ಕೇಳಿದಿರಿ. ಮೀನು ತೊಳೆಯಬೇಕು ಎಂದು ನಾನು ಎದ್ದು ಹೋದೆ. ಬಾಯಿ ಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಹಿಲ್ಲೂರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಜಗಳ ಹತ್ತಿದ್ದು ಮಾವಿನ ಮರದಿಂದ. ಎರಡು ಮನೆಗಳ ನಡುವಿನ ಇಶಾಡು ಮರವನ್ನು ನೆಟ್ಟವರು ಅವರಿಬ್ಬರ ತಾಯಿ. ಅದರ ಒಂದು ಟೊಂಗೆ ದೊಡ್ಡಜ್ಜನ ಮಾಡಿನ ಮೇಲೆ ಬಾಗಿ, ಗಾಳಿ ಬಂದಾಗಲೆಲ್ಲ ಹಂಚು ಸರಿಸುತ್ತಿತ್ತು. ನಾವು ಕಾರವಾರಕ್ಕೆ ನಿಮ್ಮ ಮನೆಗೆ ಬಂದಿದ್ದಾಗ ಅವರು ಆ ಟೊಂಗೆಯನ್ನು ಕಡಿದುಹಾಕಿದರು. ವಾಪಸು ಬಂದು ನೋಡಿದ ನಿಮ್ಮ ಅಜ್ಜ, "ಒಂದು ಮಾತು ಕೇಳೂಕೆ ಆಗ್ಲಿಲ್ವಾ?" ಎಂದರು. "ನನ್ನ ಮಾಡು ಸೋರೂವಾಗ ನೀ ಕೇಳಿದ್ಯಾ?" ಎಂದರು ದೊಡ್ಡಜ್ಜ. ಅಷ್ಟೇ. ಅಲ್ಲಿಂದ ಅವರು ಅಂಗಳದಲ್ಲಿದ್ದರೆ ಇವರು ಒಳಗೆ, ಇವರು ಅಂಗಳದಲ್ಲಿದ್ದರೆ ಅವರು ಒಳಗೆ. ಬಾವಿಕಟ್ಟೆಯಲ್ಲಿ ದೊಡ್ಡಜ್ಜಿ ಮತ್ತು ನಾನು ಮಾತ್ರ ಮೊದಲಿನಂತೆಯೇ ಮಾತಾಡಿಕೊಂಡಿದ್ದೆವು.

ನನ್ನ ವಿಷಯವನ್ನೂ ಇಲ್ಲಿ ಹೇಳಬೇಕು. ನಾನು ಮದುವೆಯಾಗಿ ಬಂದಾಗ ಗಂಡನ ಅಣ್ಣನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಜಗುಲಿಗೆ ಬಂದರೆ ನಾನು ಬಾಗಿಲ ಹಿಂದೆ. ಏನಾದರೂ ಹೇಳುವುದಿದ್ದರೆ ಅತ್ತೆಯ ಬಾಯಲ್ಲಿ ಹೇಳಿಸುವುದು, ಆಮೇಲೆ ನಿಮ್ಮ ಅಮ್ಮನ ಬಾಯಲ್ಲಿ. "ದೊಡ್ಡಪ್ಪನಿಗೆ ಊಟಕ್ಕೆ ಏಳೂಕೆ ಹೇಳು" ಎಂದರೆ ಅವಳು ಓಡಿಹೋಗಿ ಹೇಳಿ ಬರುತ್ತಿದ್ದಳು. ಊರಿನಲ್ಲಿ ಬೇರೆಯವರೆಲ್ಲ ಕಾಲಕ್ಕೆ ತಕ್ಕಂತೆ ಬದಲಾದರು. ನಾನು ಬದಲಾಗಲಿಲ್ಲ. ನಾಚಿಕೆಯವಳಿಗೆ ಆ ಪದ್ಧತಿಯೇ ಅನುಕೂಲವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಅಜ್ಜ ತುಂಬಿದ ಗ್ಯಾಸ್ ಸಿಲಿಂಡರನ್ನು ಹೊಸ್ತಿಲು ದಾಟಿಸಲು ಹೋಗಿ, ಬಲಗೈ ಹೆಬ್ಬೆರಳನ್ನು ಅದರ ಅಡಿಗೆ ಸಿಕ್ಕಿಸಿಕೊಂಡರು. ಉಗುರು ಒಡೆದಿರಲಿಲ್ಲ. ಆದರೆ ನೋಡುನೋಡುತ್ತಿದ್ದಂತೆ ಅದರ ಕೆಳಗೆ ಕೆಂಪಾಗಿ, ನೇರಳೆಯಾಗಿ, ಮಧ್ಯಾಹ್ನದ ಹೊತ್ತಿಗೆ ಕಪ್ಪಾಯಿತು. ತಣ್ಣೀರಿನಲ್ಲಿ ಅದ್ದಿ ಹಿಡಿಸಿದೆ. ಅರಿಶಿನ, ಸುಣ್ಣ ಹಚ್ಚಿದೆ. ಏನು ಹಚ್ಚಿದರೂ ಅದು ಮೇಲೆ, ನೋವು ಕೆಳಗೆ. ಕೈ ಇಳಿಬಿಟ್ಟರೆ ಎದೆ ಬಡಿದಂತೆ ಬೆರಳು ಬಡಿದುಕೊಳ್ಳುತ್ತದೆ ಎಂದು ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗನ ಹಾಗೆ ಕೈ ಎತ್ತಿಕೊಂಡೇ ಕೂತಿದ್ದರು. ಅಂಕೋಲೆಗೆ ಹೋಗಿ ಡಾಕ್ಟರಿಗೆ ತೋರಿಸುವಾ ಎಂದರೆ, "ಒಂದು ಉಗುರಿಗೆ ಆಸ್ಪತ್ರೆ ಎಂತದು?" ಎಂದು ನನ್ನ ಮೇಲೇ ಸಿಟ್ಟು.

ನಾನು ಬಾವಿಕಟ್ಟೆಗೆ ಹೋಗಿ ದೊಡ್ಡಜ್ಜಿಗೆ ಹೇಳಿದೆ. ಹೇಳಿದರೆ ಅದು ಎಲ್ಲಿಗೆ ತಲುಪುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ದೊಡ್ಡಜ್ಜ ಬಿಣಗಾದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿ ಇಂಥ ಉಗುರುಗಳನ್ನು ಅವರೇ ನೋಡುತ್ತಿದ್ದರಂತೆ.

ಸ್ವಲ್ಪ ಹೊತ್ತಿಗೆ ಅವರು ಕೈಯಲ್ಲಿ ಇಕ್ಕಳ ಹಿಡಿದುಕೊಂಡು ನಮ್ಮ ಜಗುಲಿ ಹತ್ತಿದರು. ನಾನು ಒಳಗೆ ಸರಿದೆ.

"ಎಂತದೋ, ಕಚೇರಿಯಲ್ಲಿ ಪೆನ್ನು ಹಿಡಿದ ಕೈಗೆ ಸಿಲಿಂಡರ್ ಎತ್ತೂಕೆ ಹೇಳಿದವರ್ಯಾರು?"

"ಯಾರೂ ಹೇಳಿಲ್ಲ. ಕೆಲವರಿಗೆ ಕೊಡಲಿ ಎತ್ತೂಕೂ ಯಾರೂ ಹೇಳೂದು ಬೇಡ."

"ಬೆರಳು ಮಾತ್ರ ಜಜ್ಜಿದ್ದು. ಇಂವನ ಬಾಯಿಗೆ ಎಂತಾ ಆಗ್ಲಿಲ್ಲ."

ಬೆರಳನ್ನು ಮಡಿಸಲು, ಚಾಚಲು ಹೇಳಿದರು. ಮೂಳೆ ಮುರಿದಿದ್ದರೆ, ಉಗುರು ಬುಡದಿಂದ ಎದ್ದಿದ್ದರೆ ತಾನು ಮುಟ್ಟುವುದಿಲ್ಲ, ಆಸ್ಪತ್ರೆಗೇ ಹೋಗಬೇಕು ಎಂದರು. "ಇವತ್ತೇ ಆದದ್ದು ಒಳ್ಳೇದಾಯ್ತು. ಎರಡು ದಿನ ಬಿಟ್ಟರೆ ರಕ್ತ ಒಳಗೇ ಹೆಪ್ಪುಗಟ್ತದೆ. ಆಮೇಲೆ ಚುಚ್ಚಿದರೂ ಸುಖ ಇಲ್ಲ." ಬೆರಳನ್ನು ಸಾಬೂನಿನಲ್ಲಿ ತೊಳೆಸಿದರು. ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ಇಕ್ಕಳದಲ್ಲಿ ಹಿಡಿದು, ಅಡುಗೆಮನೆಗೆ ಬಂದು ಒಲೆಯ ಉರಿಯಲ್ಲಿ ತುದಿ ಕೆಂಪಾಗುವವರೆಗೆ ಕಾಯಿಸಿದರು. ನಾನು ಅಷ್ಟು ಹೊತ್ತೂ ಹಿತ್ತಿಲ ಬಾಗಿಲಿನಲ್ಲಿ ನಿಂತಿದ್ದೆ.

"ಅಲ್ಲಿ ನೋಡು, ನಿನ್ನ ಮರದ ಮೇಲೆ ಮಂಗ" ಎಂದರು ದೊಡ್ಡಜ್ಜ ಜಗುಲಿಗೆ ಮರಳಿ. ನಿಮ್ಮ ಅಜ್ಜ ತಿರುಗಿ ನೋಡಿದರು. ಕೂದಲು ಸುಟ್ಟಂಥ ವಾಸನೆ ಬಂತು. ಉಗುರಿನ ನಡುವೆ ಸಣ್ಣ ತೂತು ಬಿದ್ದು ಕಪ್ಪು ರಕ್ತ ಚಿಮ್ಮಿತು. ಅವರು ಕ್ಲಿಪ್ಪನ್ನು ಒತ್ತಲೇ ಇಲ್ಲ, ಬರಿದೇ ತಾಗಿಸಿದ್ದು. ನಿಮ್ಮ ಅಜ್ಜನ ಮುಖ ಸಡಿಲಾದದ್ದು ನನಗೆ ಬಾಗಿಲ ಸಂದಿಯಿಂದ ಕಂಡಿತು. ಎತ್ತಿಕೊಂಡಿದ್ದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟರು.

ಬೆರಳಿಗೆ ತೊಳೆದ ಬಟ್ಟೆ ಸುತ್ತಿ ದೊಡ್ಡಜ್ಜ ಅಲ್ಲೇ ಕೂತರು. ನಾನು ಒಳಗೆ ಚಾ ಇಟ್ಟೆ. ಏಲಕ್ಕಿ ಹಾಕಿದೆ. ಎರಡು ಲೋಟಕ್ಕೆ ಬಗ್ಗಿಸಿ, ನಿಮ್ಮ ಅಜ್ಜ "ಚಾ ತಾ" ಎಂದು ಕರೆಯಲಿ ಎಂದು ಕಾದೆ. ಕರೆಯಲಿಲ್ಲ. ನಾನಾಗಿಯೇ ಚಾ ಹಿಡಿದು ಹೊರಗೆ ಹೋಗಲು ಕಾಲು ಬರಲಿಲ್ಲ. ಒಮ್ಮೆ ಹೊಸ್ತಿಲವರೆಗೆ ಹೋಗಿ ಹಿಂದೆ ಬಂದೆ. ಅಷ್ಟರಲ್ಲಿ ದೊಡ್ಡಜ್ಜ, "ಸರಿ ಹಂಗಾದ್ರೆ" ಎಂದು ಎದ್ದು ಹೋದರು.

"ಚಾ ತರೂಕೆ ಎಂತಾ ಆಗಿತ್ತು ನಿಂಗೆ?" ಎಂದು ಇವರು ರೇಗಿದರು.

"ನೀವು ಕರೀಲಿಲ್ಲಲ್ಲ?"

"ಎಲ್ಲದಕ್ಕೂ ಕರೀಬೇಕಾ?" ಎಂದವರು ಬೆರಳು ನೋಡಿಕೊಂಡರು. ಆಮೇಲೆ ತಮ್ಮಷ್ಟಕ್ಕೇ ಹೇಳಿದರು: "ಸಣ್ಣಿರೂವಾಗ ಅಣ್ಣ ನನ್ನ ಕಾಲಿನ ಮುಳ್ಳನ್ನೂ ಹಿಂಗೇ ತೆಗೀತಿದ್ದ. ಎಲ್ಲೋ ನೋಡು ಅಂತಿದ್ದ, ತೆಗೆದೇ ಬಿಡ್ತಿದ್ದ. ಇನ್ನೊಂದ್ಸಲ ಬಂದ್ರೆ ಮರದ ಮಾತು ಬಿಟ್ಟೇಬಿಡ್ತೆ."

ಮರುದಿನ ದೊಡ್ಡಜ್ಜಿ ಬಾವಿಯ ಹತ್ತಿರ ನಗುತ್ತಲೇ ಕುಟುಕಿದರು. "ಅಲ್ಲವೇ ತಂಗಿ, ಕೆಲಸಕ್ಕೆ ಬಂದ ಆಳಿಗಾದ್ರೂ ಒಂದು ಲೋಟ ಚಾ ಕೊಡ್ತಾರಪ್ಪ."

"ಮಾಡಿದ್ದೆ ಅಕ್ಕಾ."

"ಮಾಡಿ ನೀನೇ ಕುಡ್ದ್ಯಾ?"

ಇವರು ಆಡಿದ ಮಾತನ್ನು ಆಗಲೇ ಹೇಳಬಹುದಿತ್ತು. ಮನೆಯೊಳಗೆ ಗಂಡ ಆಡಿದ್ದನ್ನು ಹೊರಗೆ ಒಯ್ಯಬಾರದು ಎಂದು ನನಗೆ ತವರಿನಲ್ಲಿ ಕಲಿಸಿದ್ದರು. ನಾನು ಕೊಡಪಾನ ಎತ್ತಿಕೊಂಡು ಬಂದೆ. ಅಲ್ಲಿಂದ ದೊಡ್ಡಜ್ಜ, ತಾನು ಹೋದದ್ದು ತಮ್ಮನಿಗೆ ಬೇಡವಾಗಿತ್ತು ಎಂದುಕೊಂಡರು. ನಿಮ್ಮ ಅಜ್ಜ, ಬೆರಳು ಹೇಗಿದೆ ಎಂದು ನೋಡಲು ಅಣ್ಣ ಬಂದೇ ಬರುತ್ತಾನೆ ಎಂದು ಸಂಜೆ ಜಗುಲಿಯಲ್ಲಿ ಕಾದರು. ಕೆಲವು ದಿನ ಹೀಗೇ ಹೋಯಿತು, ಆಮೇಲೆ ಕಾಯುವುದೂ ನಿಂತಿತು. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಅಜ್ಜನ ಎದೆಬಡಿತ ನಿಂತುಹೋಯಿತು. ಬೆಳಿಗ್ಗೆ ಹಲ್ಲುಜ್ಜಲು ಹೋದವರು ಅಲ್ಲೇ ಕುಸಿದರು. ಎಲ್ಲರಿಗಿಂತ ಮೊದಲು ಓಡಿಬಂದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ದೊಡ್ಡಜ್ಜ. "ತಮ್ಮಾ, ನಾ ಬಂದೆ, ನೋಡೋ" ಎನ್ನುತ್ತಿದ್ದರು. ಇವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಕ್ರಿಯೆಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ದೊಡ್ಡಜ್ಜ ಒಬ್ಬರೇ ಬಂದು ಜಗುಲಿಯಲ್ಲಿ ಕೂತರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಾತು ಸಾಗಿಸಲು ನಡುವೆ ಯಾರೂ ಇರಲಿಲ್ಲ. ನಾನು ಹೊರಗೆ ಬಂದು ಕಂಬದ ಹತ್ತಿರ ನಿಂತೆ.

ಅವರು ನೆಲ ನೋಡುತ್ತ, "ಅಂವ ನನ್ನ ವಿಷಯ ಯಾವಾಗಾದ್ರೂ ಎಂತಾದ್ರೂ ಹೇಳಿದ್ನಾ?" ಎಂದರು.

ನಾನು ಹೇಳಿದೆ. ಮುಳ್ಳಿನ ಮಾತನ್ನೂ, ಮರದ ಮಾತನ್ನೂ. ಮದುವೆಯಾಗಿ ಬಂದ ಮೇಲೆ ಅವರೆದುರು ನಾನು ಆಡಿದ ಮೊದಲ ಮಾತು ಅದು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಇದನ್ನು ಆಗ್ಲೇ ಹೇಳಿದ್ರೆ ಆಗ್ತಿತ್ತಲ್ಲ, ತಂಗಿ" ಎಂದರು.

"ಹೌದು ಭಾವ" ಎಂದೆ.